ಹತ್ತು ಅಂಶ, ಒಂದೇ ಅಂಕ: ಕುದುರೆ ರೇಸಿನ ರೇಟಿಂಗ್ ಕಟ್ಟೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ವಿಷಯ ಕುದುರೆ ರೇಸು. ಹೆಸರು ಕೇಳಿದ ಕೂಡಲೇ ಕೆಲವರು ಹುಬ್ಬೇರಿಸಬಹುದು. ನಮ್ಮ ಮನೆಗಳಲ್ಲಿ ಯಾರಾದರೂ ದುಡ್ಡು ಕಳೆದುಕೊಂಡರೆ ‘ಕುದುರೆ ಬಾಲಕ್ಕೆ ಕಟ್ಟಿದ’ ಅಂತಲೇ ಹೇಳೋದು. ಆ ಮಾತಲ್ಲಿ ಅನುಭವ ಇದೆ, ಅದನ್ನ ನಾನು ಅಲ್ಲಗಳೆಯೋದಿಲ್ಲ. ಈ ಸಂಚಿಕೆಯಲ್ಲಿ ಟಿಪ್ಸ್ ಇರೋದಿಲ್ಲ, ‘ಈ ವಾರ ಇದಕ್ಕೆ ಹಾಕಿ’ ಅನ್ನೋ ಮಾತೂ ಇರೋದಿಲ್ಲ. ನನಗೆ ಕುತೂಹಲ ಇರೋದು ಬೇರೆ ಕಡೆ. ಒಂದು ಕುದುರೆಯ ಬಗ್ಗೆ ನಮಗೆ ಹತ್ತು ಸಂಗತಿ ಗೊತ್ತು. ಹೋದ ಸಲ ಎಷ್ಟು ಸೆಕೆಂಡಲ್ಲಿ ಓಡ್ತು, ಜಾಕಿ ಯಾರು, ಟ್ರೇನರ್ ಯಾರು, ಎಷ್ಟು ದಿನ ವಿಶ್ರಾಂತಿ ಸಿಕ್ಕಿತ್ತು, ಎಷ್ಟು ತೂಕ ಹೊತ್ತಿದೆ, ಯಾವ ಗೇಟಿನಿಂದ ಹೊರಡುತ್ತೆ. ಈ ಹತ್ತನ್ನೂ ಕೂಡಿಸಿ ಒಂದೇ ಒಂದು ಅಂಕ ಮಾಡೋದು ಹೇಗೆ? ಮಾಡಿದ ಮೇಲೆ ಅದನ್ನ ನಂಬಬಹುದಾ?

ಇದೇ ಪ್ರಶ್ನೆ ಬ್ಯಾಂಕಿನವರು ನಿಮ್ಮ ಸಾಲದ ಅರ್ಜಿ ನೋಡುವಾಗಲೂ ಬರುತ್ತೆ, ಕಾಲೇಜುಗಳಿಗೆ ರ‍್ಯಾಂಕ್ ಕೊಡುವಾಗಲೂ ಬರುತ್ತೆ. ಆದರೆ ಅಲ್ಲಿ ಲೆಕ್ಕ ಸರಿಯೋ ತಪ್ಪೋ ಗೊತ್ತಾಗೋದಕ್ಕೆ ವರ್ಷಗಳು ಬೇಕು. ರೇಸಲ್ಲಿ ಒಂದೂವರೆ ನಿಮಿಷ ಸಾಕು.

ಮೊದಲು ಒಂದು ಪದ ಬಿಡಿಸಿಕೊಳ್ಳೋಣ. ‘ಹ್ಯಾಂಡಿಕ್ಯಾಪಿಂಗ್’ ಅನ್ನೋದಕ್ಕೆ ಎರಡು ಅರ್ಥ ಇದೆ. ಒಂದು, ರೇಸ್ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಮಾಡೋ ಕೆಲಸ. ಚೆನ್ನಾಗಿ ಓಡೋ ಕುದುರೆಗೆ ಹೆಚ್ಚು ರೇಟಿಂಗ್, ಹೆಚ್ಚು ರೇಟಿಂಗ್ ಇದ್ದರೆ ಹೆಚ್ಚು ತೂಕ. ನಮ್ಮ ದೇಶದಲ್ಲಿ ಒಂದು ರೇಟಿಂಗ್ ಪಾಯಿಂಟಿಗೆ ಅರ್ಧ ಕೆ.ಜಿ. ಲೆಕ್ಕ. ಹಾಂಗ್‌ಕಾಂಗಲ್ಲಿ ಒಂದು ಪಾಯಿಂಟಿಗೆ ಒಂದು ಪೌಂಡ್. ಎಲ್ಲ ಕುದುರೆಗಳೂ ಗೆರೆ ಮುಟ್ಟುವ ಹೊತ್ತಿಗೆ ಸರಿಸಮ ಆಗಲಿ ಅನ್ನೋದು ಅವರ ಆಸೆ. ಎರಡನೇ ಅರ್ಥ ಇದಕ್ಕೆ ಪೂರಾ ಉಲ್ಟಾ: ಅವರು ಸಮ ಮಾಡಿದ್ದರಲ್ಲಿ ಇನ್ನೂ ಉಳಿದಿರೋ ವ್ಯತ್ಯಾಸ ಎಲ್ಲಿದೆ ಅಂತ ಬಾಜಿ ಕಟ್ಟುವವರು ಹುಡುಕೋದು. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನ ಕೌಶಲದ ಆಟ ಅಂತ ಹೇಳಿದ್ದು ನಿಮಗೆ ನೆನಪಿರಬಹುದು. ಕೌಶಲ ಅಂದರೆ ಈ ಹುಡುಕಾಟವೂ ಅದರಲ್ಲಿ ಸೇರುತ್ತೆ.

ಈ ಹುಡುಕಾಟಕ್ಕೆ ಸಾಫ್ಟ್‌ವೇರ್ ಮೊದಲು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಪ್ರತಿ ಕುದುರೆಯ ಹಿಂದಿನ ಓಟಗಳ ದಾಖಲೆ ಪತ್ರಿಕೆಯಲ್ಲೇ ಅಚ್ಚಾಗುತ್ತಿತ್ತು. ಅಂಕಣಕಾರ ಆ್ಯಂಡ್ರೂ ಬೇಯರ್ 1975ರಲ್ಲಿ ‘ಪಿಕಿಂಗ್ ವಿನ್ನರ್ಸ್’ ಅನ್ನೋ ಪುಸ್ತಕ ಬರೆದರು. ಅವರ ವಾದ ಸರಳವಾಗಿತ್ತು. ಗಡಿಯಾರದ ಸಮಯವನ್ನ ಹಾಗೇ ನಂಬಬೇಡಿ. ಮಳೆ ಬಂದ ದಿನ ಟ್ರ್ಯಾಕ್ ನಿಧಾನ, ಒಣಗಿದ ದಿನ ವೇಗ. ಆ ದಿನದ ಟ್ರ್ಯಾಕಿನ ಗುಣವನ್ನ ಲೆಕ್ಕ ಹಾಕಿ ಸಮಯದಿಂದ ಕಳೆದರೆ ಉಳಿಯೋದು ಕುದುರೆಯ ನಿಜವಾದ ವೇಗ. ಅದೇ ಸ್ಪೀಡ್ ಫಿಗರ್. 1992ರಿಂದ ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆಯಲ್ಲಿ ಪ್ರತಿ ಕುದುರೆಯ ಮುಂದೆ ಆ ಅಂಕ ಅಚ್ಚಾಗತೊಡಗಿತು. ಅಚ್ಚಾದ ಮೇಲೆ ಎಲ್ಲರಿಗೂ ಸಿಕ್ಕಿತು. ಎಲ್ಲರಿಗೂ ಸಿಕ್ಕಿದ ಮೇಲೆ ಅದರಿಂದ ಬರುವ ಲಾಭವೂ ಕರಗಿತು. ಇದನ್ನ ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸರಿ, ಈಗ ನಮ್ಮದೇ ರೇಟಿಂಗ್ ಕಟ್ಟೋಣ. ಈಗಿನ ಸಾಫ್ಟ್‌ವೇರುಗಳಲ್ಲಿ ‘ಕಸ್ಟಮ್ ರೇಟಿಂಗ್’ ಅಂತ ಒಂದು ಜಾಗ ಇರುತ್ತೆ. ಅಂಶಗಳನ್ನ ಆರಿಸಿ, ಒಂದೊಂದಕ್ಕೂ ವೇಯ್ಟೇಜ್ ಕೊಡಿ, ಬಟನ್ ಒತ್ತಿ. ನೋಡೋಕೆ ಸಾಂಬಾರಿಗೆ ಪುಡಿ ಹಾಕಿದಷ್ಟೇ ಸುಲಭ. ಹುಳುಕು ಇರೋದೂ ಅಲ್ಲೇ.

ಮೊದಲ ತೊಡಕು ಅಳತೆಯದು. ಸ್ಪೀಡ್ ಫಿಗರ್ 85, ಜಾಕಿಯ ಗೆಲುವು ಶೇ 14, ಹಿಂದಿನ ಓಟ ಆಗಿ 21 ದಿನ. ಇವನ್ನ ಹಾಗೇ ಕೂಡಿಸಿದರೆ ಅಕ್ಕಿ, ಎಣ್ಣೆ, ಬಟ್ಟೆಯನ್ನ ಒಂದೇ ತಕ್ಕಡಿಗೆ ಹಾಕಿದ ಹಾಗೆ. ಹಾಗಾಗಿ ಹಲವರು ಮಾಡೋದೇನಂದ್ರೆ ರ‍್ಯಾಂಕ್ ಕೊಡೋದು: ಈ ರೇಸಲ್ಲಿ ವೇಗದಲ್ಲಿ ಯಾರು ಒಂದನೇದು, ಯಾರು ಎರಡನೇದು. ಇದರಲ್ಲಿ ಒಂದು ನಷ್ಟ ಇದೆ. ಮೂರು ಕುದುರೆಗಳ ಅಂಕ 92, 91, 80 ಅಂದುಕೊಳ್ಳಿ. ರ‍್ಯಾಂಕ್ ಕೊಟ್ಟರೆ ಒಂದು, ಎರಡು, ಮೂರು ಅಂತ ಸಮನಾದ ಮೆಟ್ಟಿಲು ಕಾಣುತ್ತೆ. ನಿಜದಲ್ಲಿ ಮೊದಲ ಎರಡು ಅಕ್ಕಪಕ್ಕ ಇವೆ, ಮೂರನೇದು ಎಲ್ಲೋ ಹಿಂದೆ ಉಳಿದಿದೆ. ಅದಕ್ಕೆ ಅದೇ ರೇಸಿನ ಸರಾಸರಿ ತೆಗೆದು, ಪ್ರತಿ ಕುದುರೆ ಆ ಸರಾಸರಿಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಅಳೆಯೋದು ವಾಸಿ. ಅದೇ ರೇಸಿನ ಸರಾಸರಿ ಯಾಕೆ? ಕುದುರೆ ಓಡೋದು ಪಕ್ಕದ ಕುದುರೆಯ ಜೊತೆ, ಹೋದ ವರ್ಷದ ಕುದುರೆಯ ಜೊತೆ ಅಲ್ಲ.

ಎರಡನೇ ತೊಡಕು, ಎಲ್ಲ ಅಂಶಗಳೂ ನೇರ ಗೆರೆಯಲ್ಲಿ ಹೋಗೋದಿಲ್ಲ. ವಿಶ್ರಾಂತಿಯನ್ನೇ ತಗೊಳ್ಳಿ. ನಾಲ್ಕು ದಿನಕ್ಕೆ ಮತ್ತೆ ಓಡೋ ಕುದುರೆ ದಣಿದಿರಬಹುದು. ಇನ್ನೂರು ದಿನ ಲಾಯದಲ್ಲಿದ್ದ ಕುದುರೆಗೆ ಏನೋ ಪೆಟ್ಟಾಗಿತ್ತೋ ಏನೋ. ನಡುವಿನ ದಿನಗಳೇ ಹದ. ಹೀಗಿರುವಾಗ ‘ದಿನ ಹೆಚ್ಚಾದಷ್ಟೂ ಅಂಕ ಹೆಚ್ಚು’ ಅಂತ ಸೂತ್ರ ಬರೆದರೆ ಅದು ಸುಳ್ಳು ಹೇಳುತ್ತೆ. ಗೇಟಿನ ನಂಬರು ಇನ್ನೂ ವಿಚಿತ್ರ. ಹಾಂಗ್‌ಕಾಂಗಿನ ಹ್ಯಾಪಿ ವ್ಯಾಲಿಯಲ್ಲಿ ತಿರುವು ಬಿಗಿ, ಅಲ್ಲಿ ಒಳಗಿನ ಗೇಟು ಸಿಕ್ಕರೆ ಅನುಕೂಲ. ಅದೇ ಊರಿನ ಶಾ ಟಿನ್ ಮೈದಾನದಲ್ಲಿ 1000 ಮೀಟರಿನ ಓಟಕ್ಕೆ ತಿರುವೇ ಇಲ್ಲ, ನೇರ ದಾರಿ. ಅಲ್ಲಿ ಹೊರಗಿನ ಕಂಬಿಯ ಕಡೆ, ಅಂದ್ರೆ ದೊಡ್ಡ ನಂಬರಿನ ಗೇಟಿಗೆ ಲಾಭ ಅಂತ ರೇಸ್ ನೋಡುವವರಿಗೆಲ್ಲ ಗೊತ್ತು. ಒಂದೇ ನಂಬರು, ಒಂದು ಕಡೆ ವರ, ಇನ್ನೊಂದು ಕಡೆ ಶಾಪ.

ಮೂರನೇದು, ಒಂದೇ ಮಾತನ್ನ ಮೂರು ಸಲ ಎಣಿಸೋದು. ಸ್ಪೀಡ್ ಫಿಗರ್ ಚೆನ್ನಾಗಿರೋ ಕುದುರೆ ದುಡ್ಡು ಗೆದ್ದಿರುತ್ತೆ, ಮೇಲಿನ ಕ್ಲಾಸಲ್ಲಿ ಓಡಿರುತ್ತೆ, ದೊಡ್ಡ ಜಾಕಿಯೂ ಅದನ್ನೇ ಹತ್ತಿರ್ತಾನೆ. ನಾಲ್ಕಕ್ಕೂ ಬೇರೆ ಬೇರೆ ವೇಯ್ಟೇಜ್ ಕೊಟ್ಟು ‘ನಾಲ್ಕು ಸಾಕ್ಷಿ ಸಿಕ್ತು’ ಅಂತ ಖುಷಿಪಟ್ಟರೆ, ನಿಜಕ್ಕೂ ಸಿಕ್ಕಿರೋದು ಒಂದೇ ಸಾಕ್ಷಿ, ಅದು ನಾಲ್ಕು ಅಂಗಿ ಹಾಕಿಕೊಂಡು ಬಂದಿದೆ.

ಹಾಗಾದ್ರೆ ಯಾವ ಅಂಶಕ್ಕೆ ಬಲ ಇದೆ ಅಂತ ಗೊತ್ತಾಗೋದು ಹೇಗೆ? ಇದಕ್ಕೆ ವಿಲಿಯಂ ಕ್ವಿರಿನ್ ಅನ್ನೋ ಗಣಿತದ ಮೇಷ್ಟ್ರು 1979ರ ತಮ್ಮ ಪುಸ್ತಕದಲ್ಲಿ ಬಳಸಿದ ಒಂದು ಅಳತೆಗೋಲು ಇದೆ, ‘ಇಂಪ್ಯಾಕ್ಟ್ ವ್ಯಾಲ್ಯೂ’ ಅಂತ. ಕೈಲೆಕ್ಕದಲ್ಲೇ ಮಾಡಬಹುದು. ಹತ್ತು ಕುದುರೆ ಓಡಿದ ನೂರು ರೇಸು ತಗೊಳ್ಳಿ. ಒಟ್ಟು ಸಾವಿರ ಓಟಗಾರರು, ನೂರು ಗೆಲುವು. ಒಂದನೇ ಗೇಟಿಂದ ಹೊರಟವು ನೂರು, ಅಂದ್ರೆ ಶೇ 10. ಗೆದ್ದ ನೂರರಲ್ಲಿ ಒಂದನೇ ಗೇಟಿನವು 15 ಇದ್ದರೆ, ಅದು ಶೇ 15. ಹದಿನೈದನ್ನ ಹತ್ತರಿಂದ ಭಾಗಿಸಿ: 1.5. ಒಂದಕ್ಕಿಂತ ಹೆಚ್ಚಿದ್ದರೆ ಆ ಅಂಶ ಗೆಲುವಿನ ಕಡೆ ವಾಲಿದೆ, ಕಡಿಮೆ ಇದ್ದರೆ ಸೋಲಿನ ಕಡೆ. ಆದರೆ ಈ ಅಳತೆ ಗೆಲುವನ್ನ ತೋರಿಸುತ್ತೆ, ಲಾಭವನ್ನ ತೋರಿಸೋದಿಲ್ಲ. ಎಲ್ಲರಿಗೂ ಗೊತ್ತಿರೋ ಅಂಶ ಆದರೆ ಎಲ್ಲರೂ ಅದರ ಮೇಲೇ ದುಡ್ಡು ಹಾಕಿರ್ತಾರೆ, ಭಾವ ಇಳಿದಿರುತ್ತೆ. ಬೇಯರ್ ಅಂಕಕ್ಕೆ ಆದದ್ದೇ ಇದಕ್ಕೂ ಆಗುತ್ತೆ.

ಇನ್ನು ವೇಯ್ಟೇಜ್. ‘ವೇಗಕ್ಕೆ 40, ಜಾಕಿಗೆ 20’ ಅಂತ ಅಂದಾಜಲ್ಲಿ ಬರೆಯೋದು ಒಂದು ದಾರಿ. ಹಳೇ ಫಲಿತಾಂಶಗಳನ್ನೇ ಕೇಳಿ ತಿಳಿಯೋದು ಇನ್ನೊಂದು ದಾರಿ. 1986ರಲ್ಲಿ ರೂತ್ ಬೋಲ್ಟನ್ ಮತ್ತು ರ‍್ಯಾಂಡಲ್ ಚಾಪ್‌ಮನ್ ‘ಮ್ಯಾನೇಜ್‌ಮೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಮಲ್ಟಿನಾಮಿಯಲ್ ಲಾಜಿಟ್ ಅನ್ನೋ ವಿಧಾನ ತೋರಿಸಿದರು. ಹೆಸರು ಭಾರ, ಒಳಗಿನ ಕೆಲಸ ಹಗುರ. ಪ್ರತಿ ಕುದುರೆಗೆ ಒಂದು ಒಟ್ಟು ಅಂಕ ಬರುತ್ತೆ. ಆ ಅಂಕವನ್ನ ಘಾತಕ್ಕೆ ಏರಿಸಿ, ರೇಸಿನ ಒಟ್ಟು ಮೊತ್ತದಲ್ಲಿ ಅದರ ಪಾಲು ಎಷ್ಟು ಅಂತ ನೋಡ್ತೀವಿ. ಆ ಪಾಲೇ ಗೆಲ್ಲುವ ಸಾಧ್ಯತೆ.

ಉದಾಹರಣೆಗೆ ನಾಲ್ಕು ಕುದುರೆ. ಅಂಕ 1, ಅರ್ಧ, ಸೊನ್ನೆ, ಮೈನಸ್ ಅರ್ಧ. ಘಾತಕ್ಕೆ ಏರಿಸಿದರೆ 2.72, 1.65, 1, 0.61. ಮೊತ್ತ 5.98. ಪಾಲುಗಳು ಸುಮಾರು ಶೇ 45.5, ಶೇ 27.6, ಶೇ 16.7, ಶೇ 10.2. ಈಗ ನೋಡಿ, ‘ಇದು ಒಳ್ಳೇ ಕುದುರೆ’ ಅನ್ನೋ ಮಾತು ‘ನೂರರಲ್ಲಿ ನಲವತ್ತೈದು ಸಲ ಗೆಲ್ಲುತ್ತೆ’ ಅನ್ನೋ ಮಾತಾಯ್ತು. ಮೊದಲನೇ ಮಾತನ್ನ ಪರೀಕ್ಷೆ ಮಾಡೋಕಾಗಲ್ಲ. ಎರಡನೇದನ್ನ ಮಾಡಬಹುದು.

ಇದರಿಂದ ಇನ್ನೊಂದು ಲಾಭ ಇದೆ. ಮೊದಲನೇ ಕುದುರೆಗೆ ಟೋಟಲ್ಲಿ ರೂಪಾಯಿಗೆ 1.80 ಸಿಗುತ್ತೆ ಅಂದುಕೊಳ್ಳಿ. 0.455ನ್ನ 1.80ರಿಂದ ಗುಣಿಸಿದರೆ 0.82. ರೂಪಾಯಿ ಹಾಕಿದರೆ ಸರಾಸರಿ 82 ಪೈಸೆ ವಾಪಸ್. ಎರಡನೇದಕ್ಕೆ 4.50 ಸಿಗುತ್ತೆ ಅಂದರೆ 0.276 ಗುಣಿಸು 4.50, ಅದು 1.24. ಅಂದ್ರೆ ಗೆಲ್ಲುವ ಸಾಧ್ಯತೆ ಹೆಚ್ಚಿರೋ ಕುದುರೆ ಬೇಡ, ಕಡಿಮೆ ಇರೋದು ಬೇಕು. ನಿಮ್ಮ ಲೆಕ್ಕ ಸರಿಯಿದ್ದರೆ ಮಾತ್ರ. ಈ ‘ಇದ್ದರೆ’ ಮೇಲೇ ಇಡೀ ಕಟ್ಟಡ ನಿಂತಿದೆ.

ಇಲ್ಲಿ ನಾನು ಹತ್ತಿರದಿಂದ ಕಂಡ ಒಂದು ಸಂಗತಿ ಹೇಳಬೇಕು. ನಮ್ಮ ಸಂಬಂಧಿಕರ ಹುಡುಗ, ಕೆಲಸದಲ್ಲಿದ್ದಾನೆ, ಲೆಕ್ಕದಲ್ಲಿ ಚುರುಕು. ಬೆಂಗಳೂರು, ಮೈಸೂರಿನ ರೇಸ್ ಫಲಿತಾಂಶಗಳನ್ನೆಲ್ಲ ರಾತ್ರಿ ಕೂತು ಸ್ಪ್ರೆಡ್‌ಶೀಟಿಗೆ ತುಂಬಿ ರೇಟಿಂಗ್ ಕಟ್ಟಿದ್ದ. ‘ಮಾಮ, 412 ಬಾಜಿ, ಹದಿನೆಂಟು ಪರ್ಸೆಂಟ್ ಲಾಭ. ಇದು ಸುಮ್ನೆ ಬರೋ ನಂಬರ್ ಅಲ್ಲ’ ಅಂದ. ಚಿನ್ನದ ಮೇಲೆ ಸಾಲ ತೆಗೆಯೋ ಯೋಚನೆ ಅವನ ತಲೇಲಿತ್ತು. ಮನೆಯವರಿಗೆ ಇನ್ನೂ ಹೇಳಿರಲಿಲ್ಲ.

ನಾನು ಕೇಳಿದ್ದು ಒಂದೇ: ‘ಅತಿ ದೊಡ್ಡ ಎರಡು ಗೆಲುವು ತೆಗೆದು ತೋರ್ಸಪ್ಪಾ.’ ನೂರು ರೂಪಾಯಿಯ ಬಾಜಿ ಲೆಕ್ಕದಲ್ಲಿ ಹಾಕಿದ್ದು 41,200, ವಾಪಸ್ ಬಂದದ್ದು 48,600. ಎರಡು ಕುದುರೆಗಳಿಂದಲೇ ಬಂದದ್ದು 10,300. ಅವೆರಡನ್ನ ತೆಗೆದರೆ ಹಾಕಿದ್ದು 41,000, ಬಂದದ್ದು 38,300. ಶೇ 6.6ರಷ್ಟು ನಷ್ಟ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಎರಡೂ ನಿಜವಾಗ್ಲೂ ಗೆದ್ದಿವೆಯಲ್ಲ ಮಾಮ’ ಅಂದ. ನಿಜವೇ. ಗೆದ್ದಿವೆ. ಆದರೆ ಮುಂದಿನ 412ರಲ್ಲಿ ಅಂಥ ಎರಡು ಬರುತ್ತೆ ಅಂತ ಹೇಳೋಕೆ ಅವನ ರೇಟಿಂಗಲ್ಲಿ ಆಧಾರ ಇರಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ: ‘1400 ಮೀಟರಿಗಿಂತ ಹೆಚ್ಚಿನ ರೇಸು ಮಾತ್ರ, ಎಂಟಕ್ಕಿಂತ ಹೆಚ್ಚು ಕುದುರೆ ಇದ್ದರೆ ಮಾತ್ರ ಅಂತ ಫಿಲ್ಟರ್ ಇಟ್ಟಿದ್ದೀಯಲ್ಲ, ಅದನ್ನ ಯಾವಾಗ ಇಟ್ಟೆ?’ ಫಲಿತಾಂಶ ನೋಡಿದ ಮೇಲೆ ಇಟ್ಟಿದ್ದ. ಇದನ್ನೇ ಓವರ್‌ಫಿಟಿಂಗ್ ಅನ್ನೋದು. ಗೋಡೆಗೆ ಮೊದಲು ಬಾಣ ಬಿಟ್ಟು, ಆಮೇಲೆ ಬಾಣ ನೆಟ್ಟ ಕಡೆ ವೃತ್ತ ಬರೆದು ‘ಗುರಿ ನೋಡಿ ಹೇಗಿದೆ’ ಅಂದ ಹಾಗೆ. ನೂರಿನ್ನೂರು ಫಿಲ್ಟರ್ ತಿರುವಿ ನೋಡಿದರೆ ಯಾವುದಾದರೂ ಒಂದು ಲಾಭ ತೋರಿಸೇ ತೋರಿಸುತ್ತೆ.

ಸರಿಯಾದ ಕ್ರಮ ಏನಂದ್ರೆ, ದತ್ತಾಂಶವನ್ನ ಕಾಲದ ಪ್ರಕಾರ ಎರಡು ಪಾಲು ಮಾಡಿ. ಹಳೇ ಪಾಲಲ್ಲಿ ರೇಟಿಂಗ್ ಕಟ್ಟಿ. ಹೊಸ ಪಾಲನ್ನ ಬೀಗ ಹಾಕಿ ಇಟ್ಟು, ಕೊನೆಗೆ ಒಂದೇ ಒಂದು ಸಲ ತೆಗೆದು ನೋಡಿ. ಮತ್ತೆ ಮತ್ತೆ ತೆಗೆದರೆ ಅದೂ ಹಳೇ ಪಾಲೇ ಆಗುತ್ತೆ. ಹಾಗೇ ಒಂದು ಸಣ್ಣ ಸೋರಿಕೆ ಬಗ್ಗೆ ಎಚ್ಚರ ಬೇಕು: ಜಾಕಿಯ ಶೇಕಡಾವಾರು ಗೆಲುವು ಇವತ್ತಿನದ್ದು ತಗೊಂಡು ಎರಡು ವರ್ಷದ ಹಿಂದಿನ ರೇಸಿಗೆ ಹಾಕಿದರೆ, ಆ ರೇಸಿನ ಫಲಿತಾಂಶವೇ ಅದರೊಳಗೆ ಸೇರಿರುತ್ತೆ. ಪ್ರಶ್ನೆಪತ್ರಿಕೆ ಬಯಲಾದ ಪರೀಕ್ಷೆ ಅದು. ಭಾವದ್ದೂ ಇದೇ ಕಥೆ. ಫೈಲಲ್ಲಿ ಇರೋದು ಕೊನೆಯ ಭಾವ. ಟೋಟಲ್ಲಿ ನೀವು ದುಡ್ಡು ಹಾಕುವಾಗ ಕಂಡ ಭಾವ ಬೇರೆ, ಗೇಟು ತೆರೆದ ಮೇಲೆ ನಿಂತ ಭಾವ ಬೇರೆ. ಕೊನೆಗೆ ದುಡ್ಡು ಕೊಡೋದು ಎರಡನೇದರ ಪ್ರಕಾರ.

ಲಾಭ ನೋಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ನಿಮ್ಮ ರೇಟಿಂಗ್ ಶೇ 20 ಅಂದ ಕುದುರೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ. ಅವುಗಳಲ್ಲಿ ನಿಜಕ್ಕೂ ಐದಕ್ಕೊಂದು ಗೆದ್ದಿದೆಯಾ? ಶೇ 12ರಷ್ಟೇ ಗೆದ್ದಿದ್ದರೆ ನಿಮ್ಮ ತಕ್ಕಡಿಗೇ ಪಾಸಂಗು ಇದೆ ಅಂತ ಅರ್ಥ.

ಆ ಹುಡುಗನ ಜೊತೆ ಒಂದು ಒಪ್ಪಂದ ಆಯ್ತು. ಸೂತ್ರ ಮುಟ್ಟಬಾರದು, ದುಡ್ಡು ಹಾಕಬಾರದು, ಪ್ರತಿ ರೇಸಿಗೂ ಮೊದಲು ಪುಸ್ತಕದಲ್ಲಿ ಬರೆದಿಡಬೇಕು. ಆರು ತಿಂಗಳ ಪುಸ್ತಕ ನಷ್ಟದಲ್ಲೇ ಮುಗೀತು. ಕಾಗದದ ಮೇಲಿನ ನಷ್ಟ. ಚಿನ್ನ ಬೀರುವಿನಲ್ಲೇ ಉಳೀತು.

‘ಹಾಗಾದ್ರೆ ಯಾರೂ ಗೆದ್ದೇ ಇಲ್ವಾ?’ ಅಂತ ನೀವು ಕೇಳಬಹುದು. ಗೆದ್ದಿದ್ದಾರೆ. ಅತಿ ಹೆಚ್ಚು ಹೆಸರಾದದ್ದು ಬಿಲ್ ಬೆಂಟರ್. ಲಾಸ್ ವೇಗಸಲ್ಲಿ ಬ್ಲ್ಯಾಕ್‌ಜ್ಯಾಕ್ ಎಲೆ ಎಣಿಸುತ್ತಿದ್ದ ಈ ಅಮೆರಿಕನ್, 1980ರ ದಶಕದ ನಡುವಲ್ಲಿ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗಿಗೆ ಹೋದ. ಆರಂಭದಲ್ಲಿ ಕೈಸುಟ್ಟುಕೊಂಡರು. ಹಾಂಗ್‌ಕಾಂಗೇ ಯಾಕೆ ಅಂದ್ರೆ, ಅಲ್ಲಿ ಇರೋದು ಎರಡೇ ಮೈದಾನ, ಅದೇ ಕುದುರೆಗಳು ಮತ್ತೆ ಮತ್ತೆ ಎದುರಾಗ್ತವೆ, ದಾಖಲೆ ಶುದ್ಧ, ಬಾಜಿಯ ಮೊತ್ತ ಬೃಹತ್ತು. ಬೆಂಟರ್ 1994ರಲ್ಲಿ ತನ್ನ ವಿಧಾನವನ್ನ ಪ್ರಬಂಧವಾಗಿ ಬರೆದ. ಅದರ ತಿರುಳು ಹಲವರಿಗೆ ಅಚ್ಚರಿ ತಂದಿತು. ಹತ್ತಾರು ಅಂಶಗಳ ರೇಟಿಂಗ್ ಕಟ್ಟಿದ ಮೇಲೆ, ಆತ ಅದನ್ನ ನೇರವಾಗಿ ಬಳಸಲಿಲ್ಲ. ಜನರ ಭಾವ ಏನು ಹೇಳುತ್ತೋ ಅದರ ಜೊತೆ ತನ್ನ ಲೆಕ್ಕವನ್ನ ಬೆರೆಸಿದ. ನಿಮ್ಮ ರೇಟಿಂಗ್ ಒಂದು ಕುದುರೆಗೆ ಶೇ 40 ಅನ್ನುತ್ತೆ, ಸಾವಿರಾರು ಜನರ ದುಡ್ಡು ಶೇ 10 ಅನ್ನುತ್ತೆ ಅಂದ್ರೆ, ನಿಮಗೆ ಗೊತ್ತಿಲ್ಲದ ಏನೋ ಅವರಿಗೆ ಗೊತ್ತಿರೋದೇ ಹೆಚ್ಚು. ಬೆಳಗಿನ ತಾಲೀಮಲ್ಲಿ ಕುದುರೆ ಕುಂಟಿದ್ದು ನಿಮ್ಮ ಸ್ಪ್ರೆಡ್‌ಶೀಟಿಗೆ ಬಂದಿರೋದಿಲ್ಲ. ಲಾಯದ ಹುಡುಗ ನೋಡಿರ್ತಾನೆ. ಜನರನ್ನ ಮೂರ್ಖರು ಅಂದುಕೊಂಡು ಕಟ್ಟಿದ ರೇಟಿಂಗ್ ಬಾಳೋದಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ದಾರಿಯಲ್ಲಿ ಒಂದು ಸುಂಕದ ಕಟ್ಟೆ ಇದೆ. ಟೋಟಿನಲ್ಲಿ ಸೇರಿದ ದುಡ್ಡಲ್ಲಿ ಒಂದು ಪಾಲು ಮೊದಲೇ ಕಳೆಯುತ್ತೆ. ಹಾಂಗ್‌ಕಾಂಗಲ್ಲಿ ವಿನ್ ಬಾಜಿಗೆ ಅದು ಶೇ 17.5. ಅಂದ್ರೆ ಸರಾಸರಿ ಬಾಜಿಗಾರ ನೂರಕ್ಕೆ ಹದಿನೇಳೂವರೆ ಕಳೆದುಕೊಳ್ತಾನೆ. ನೀವು ಸರಾಸರಿಗಿಂತ ಅಷ್ಟು ಜಾಣರಾದರೆ ನಿಮ್ಮ ಲಾಭ ಎಷ್ಟು? ಸೊನ್ನೆ. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ಕುದುರೆ ಪಂದ್ಯದ ಬಾಜಿಗೆ ಜಿಎಸ್‌ಟಿ ದರ ಶೇ 28ರಿಂದ ಶೇ 40ಕ್ಕೆ ಏರಿದೆ. ಮನೆಯಲ್ಲಿ ಕೂತು ಕಟ್ಟಿದ ರೇಟಿಂಗಿನ ನಾಲ್ಕೈದು ಪರ್ಸೆಂಟಿನ ಜಾಣತನ ಇದರ ಮುಂದೆ ನಿಲ್ಲೋದು ಬಹಳ ಕಷ್ಟ.

ಹಾಗಂತ ರೇಟಿಂಗ್ ಕಟ್ಟೋದು ವ್ಯರ್ಥ ಅಂತ ನಾನು ಹೇಳೋದಿಲ್ಲ. ನಿಮ್ಮ ನಂಬಿಕೆಯನ್ನ ಅಂಕಿಯಲ್ಲಿ ಬರೆದು, ಅದು ತಪ್ಪಾಗೋಕೆ ಅವಕಾಶ ಕೊಟ್ಟು, ಕಾದು ನೋಡೋದು ದೊಡ್ಡ ಶಿಸ್ತು. ಸಂಖ್ಯಾಶಾಸ್ತ್ರ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೇ ಪಾಠ ಕಡಿಮೆ. ಕಲಿಯೋಕೆ ದುಡ್ಡು ಹಾಕಬೇಕಾಗಿಲ್ಲ, ಪೆನ್ನು ಪುಸ್ತಕ ಸಾಕು.

ಕೊನೆಗೆ ಒಂದು ಉಪಯೋಗದ ಮಾತು. ಫೋನಲ್ಲಿ ಯಾರಾದರೂ ‘ನಮ್ಮ ರೇಟಿಂಗ್ ತಗೊಳ್ಳಿ, ತಿಂಗಳಿಗೆ ಇಷ್ಟು ಕಟ್ಟಿ’ ಅಂದರೆ ನಾಲ್ಕು ಪ್ರಶ್ನೆ ಕೇಳಿ. ಈ ಲಾಭ ಸೂತ್ರ ಕಟ್ಟಿದ ದತ್ತಾಂಶದ್ದೋ, ಆಮೇಲಿನದ್ದೋ? ಅತಿ ದೊಡ್ಡ ಎರಡು ಗೆಲುವು ತೆಗೆದರೆ ಏನು ಉಳಿಯುತ್ತೆ? ಶೇ 20 ಅಂದ ಕುದುರೆಗಳು ಎಷ್ಟು ಗೆದ್ದಿವೆ? ತೆರಿಗೆ, ಕಮಿಷನ್ ಕಳೆದ ಮೇಲಿನ ಲೆಕ್ಕವಾ ಇದು? ಉತ್ತರ ಬರದೆ ಹೊಸ ಆಫರ್ ಬಂದರೆ, ಕರೆ ಮುಗಿಸಿ.